ಪರಕಾಯ ಪ್ರವೇಶ ಮತ್ತು ಇಪ್ಪತ್ತು ಮುಖದ ದಾಳ

ಈ ಬಾರಿಯ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಊಟದ ಮೇಜು ಮೂರು ವಾರಗಳ ಕಾಲ ಊಟಕ್ಕೆ ದೊರೆಯಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ (ಮಗಳ ಮಗ, ಒಂಬತ್ತನೆಯ ತರಗತಿ), ಮೊಮ್ಮಗಳು (ಮಗನ ಮಗಳು, ಆರನೆಯ ತರಗತಿ) ಮತ್ತು ಎದುರುಮನೆಯ ಮೂವರು ಮಕ್ಕಳು ಸೇರಿ ಅದರ ಮೇಲೆ ಚೌಕುಳಿ ಕಾಗದ ಹರಡಿ, ದಾಳ ಉರುಳಿಸುತ್ತ, ಗುಹೆ, ಕೋಟೆ, ಪ್ರೇತಗಳ ಲೋಕವೊಂದನ್ನು ಕಟ್ಟಿಕೊಂಡಿದ್ದರು. ನಾನೂ ನನ್ನ ಪತ್ನಿಯೂ ನಡುಮನೆಯಲ್ಲಿ ನೆಲದ ಮೇಲೆ ಕುಳಿತು ಉಣ್ಣುವ ಹಳೆಯ ಅಭ್ಯಾಸಕ್ಕೆ ಮರಳಿದೆವು. ಮಂಡಿ ನೋವಿನ ಮಾತನ್ನು ಇಲ್ಲಿ ಎತ್ತುವುದಿಲ್ಲ.

ಆ ಆಟದ ಕಡೆಗೆ ನನ್ನನ್ನು ಮೊದಲು ಸೆಳೆದದ್ದು ಅದರ ದಾಳಗಳು. ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು! ಯೂಕ್ಲಿಡ್ ತನ್ನ ಗ್ರಂಥದ ಹದಿಮೂರನೆಯ ಭಾಗದಲ್ಲಿ ನಿರೂಪಿಸಿದ ಐದು ಕ್ರಮಬದ್ಧ ಘನಾಕೃತಿಗಳು ನಮ್ಮ ಮನೆಯ ಮೇಜಿನ ಮೇಲೆ ಉರುಳುತ್ತಿದ್ದವು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ನಾನು ಇಪ್ಪತ್ತು ಮುಖದ ಆಕೃತಿಯನ್ನು ಕೈಯಲ್ಲಿ ಹಿಡಿದದ್ದು ನಿವೃತ್ತನಾದ ಮೇಲೆ, ಅದೂ ಮೊಮ್ಮಗನ ಕೃಪೆಯಿಂದ.

ಆಟದ ಹೆಸರು ಡಂಜನ್ಸ್ ಆಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿ 1974ರಲ್ಲಿ ಪ್ರಕಟಿಸಿದ್ದು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಸೂತ್ರಧಾರ. ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದ ಒಬ್ಬೊಬ್ಬರದೂ ಒಂದೊಂದು ಪಾತ್ರ: ಬಿಲ್ಲುಗಾರ್ತಿ, ಮಾಂತ್ರಿಕ, ಕಳ್ಳ, ಯೋಧ. ಸೂತ್ರಧಾರ ಸನ್ನಿವೇಶವನ್ನು ಹೇಳುತ್ತಾನೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಫಲಿತಾಂಶ ಸಂದೇಹಾಸ್ಪದವಾದಾಗ ದಾಳ ತೀರ್ಮಾನಿಸುತ್ತದೆ. ಸೂತ್ರಧಾರನ ಕೈಯಲ್ಲಿ ಇಡೀ ಪ್ರಪಂಚವೇ ಇದೆ. ಆಟಗಾರನ ಕೈಯಲ್ಲಿರುವುದು ತನ್ನ ಪಾತ್ರದ ಇಚ್ಛೆಯೊಂದೇ. ಓದುಗರು ಇದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಎರಡನೆಯ ಭಾನುವಾರ ಮಧ್ಯಾಹ್ನ ಮೊಮ್ಮಗಳು ಆಟದಿಂದೆದ್ದು ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಳು. ಅಜ್ಜಿ ಕೊಟ್ಟ ಕೋಡುಬಳೆಯನ್ನೂ ಮುಟ್ಟಲಿಲ್ಲ. ವಿಚಾರಿಸಿದಾಗ ತಿಳಿದದ್ದಿಷ್ಟು. ಅಂದು ಸೂತ್ರಧಾರನಾಗಿದ್ದ ಮೊಮ್ಮಗ ಪಾಳುಕೋಟೆಯಲ್ಲಿ ಒಬ್ಬ ರಾಣಿಯ ಪ್ರೇತವನ್ನು ಇರಿಸಿದ್ದನು. ಅದು ಇವಳ ಬಿಲ್ಲುಗಾರ್ತಿಯ ಮೈಯನ್ನು ಹೊಕ್ಕಿತು. ಅಲ್ಲಿಂದಾಚೆಗೆ ಆ ಪಾತ್ರವನ್ನು ಆಡಿಸಿದವನು ಅವನೇ. ಸುಮಾರು ಎರಡು ಗಂಟೆ ಇವಳು ಸುಮ್ಮನೆ ಕುಳಿತು ನೋಡಿದಳು. ಕೊನೆಗೆ ಪ್ರೇತವು ಬಿಲ್ಲುಗಾರ್ತಿಯ ಕೈಯಿಂದಲೇ, ಅವಳೇ ಮರಿಯಿಂದ ಸಾಕಿದ ಬೇಟೆನಾಯಿಗೆ ಬಾಣ ಬಿಡಿಸಿತು.

"ಅದು ನಾನು ಮಾಡಿದ್ದಲ್ಲ ತಾತ. ಆದ್ರೆ ಎಲ್ಲರೂ ನನ್ನನ್ನೇ ನೋಡಿದ್ರು" ಎಂದಳು.

ಮೊಮ್ಮಗನನ್ನು ಕರೆದೆ. ಅವನ ಮುಖದಲ್ಲಿ ತಪ್ಪಿತಸ್ಥನ ಕಳೆಗಿಂತ ಹೆಚ್ಚಾಗಿ ಗೊಂದಲವಿತ್ತು. "ರೂಲ್ ಪ್ರಕಾರವೇ ಆಡಿದೀನಿ ತಾತ. ಅವಳಿಗೂ ದಾಳ ಹಾಕೋಕೆ ಕೊಟ್ಟಿದ್ದೆ" ಎಂದನು. ಪ್ರೇತವನ್ನು ಪುಸ್ತಕದಿಂದ ತೆಗೆದುಕೊಂಡು, ಭಯಂಕರವಾಗಿರಲೆಂದು ಅವನೇ ಕೆಲವು ತಿದ್ದುಪಡಿಗಳನ್ನು ಮಾಡಿದ್ದನು. ಅದನ್ನು ಸಮತೋಲಕ್ಕೆ ತರುವುದು ಹೇಗೆಂದು ಲೆಕ್ಕ ಹಾಕಿ ಕೊಡಬೇಕೆಂದು ನನ್ನನ್ನೇ ಕೇಳಿದನು. ಗಣಿತದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಆಹ್ವಾನವುಂಟೇ?

ಈ ಆಟದಲ್ಲಿ ಅನ್ಯರ ಮನಸ್ಸನ್ನು ವಶಪಡಿಸಿಕೊಳ್ಳುವ ವಿದ್ಯೆ ಮೊದಲ ದಿನದಿಂದಲೂ ಇದೆ. 1974ರ ಪುಸ್ತಕದಲ್ಲಿಯೇ ಚಾರ್ಮ್ ಪರ್ಸನ್ ಎಂಬ ವಶೀಕರಣ ಮಂತ್ರವುಂಟು. ಅದು ತಗುಲಿತೆಂದರೆ ಇನ್ನೊಬ್ಬರು ಬಿಡಿಸುವವರೆಗೆ ಬಿಡುಗಡೆಯೇ ಇರಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ಒಳಗಾದವನ ಬುದ್ಧಿಶಕ್ತಿಗೆ ಅನುಗುಣವಾಗಿ ಕೆಲವು ದಿನಗಳಿಗೋ ತಿಂಗಳುಗಳಿಗೋ ಒಮ್ಮೆ ಪಾರಾಗುವ ಅವಕಾಶ ಬಂತು. ಮೊಮ್ಮಗನ ಬಳಿ ಇರುವ 2014ರ ಐದನೆಯ ಆವೃತ್ತಿಯಲ್ಲಿ ಅದರ ಅವಧಿ ಒಂದೇ ಗಂಟೆ. ಅವಧಿ ಮುಗಿದೊಡನೆ ತನ್ನನ್ನು ವಶೀಕರಿಸಲಾಗಿತ್ತೆಂಬುದು ಅವನಿಗೆ ತಿಳಿದೂಬಿಡುತ್ತದೆ. ಸಜೆಷನ್ ಎಂಬ ಇನ್ನೊಂದು ಮಂತ್ರದಲ್ಲಿ ಹೇಳುವ ಮಾತು ಕೇಳುವವನಿಗೆ ಯುಕ್ತವೆನಿಸುವಂತಿರಬೇಕು. ನಿನ್ನನ್ನು ನೀನೇ ಇರಿದುಕೋ ಎಂದರೆ ಮಂತ್ರವೇ ಮುರಿದುಹೋಗುತ್ತದೆ. ಪೂರ್ಣ ಹಿಡಿತ ಕೊಡುವ ಡಾಮಿನೇಟ್ ಪರ್ಸನ್‌ಗೆ ಒಂದೇ ನಿಮಿಷದ ಆಯುಸ್ಸು, ಪೆಟ್ಟು ಬಿದ್ದಾಗಲೆಲ್ಲ ಬಿಡಿಸಿಕೊಳ್ಳಲು ಮತ್ತೊಂದು ಎಸೆತ. ನಲವತ್ತು ವರ್ಷಗಳ ಕಾಲ ಆಟ ರೂಪಿಸಿದವರು ಒಂದೊಂದಾಗಿ ಕಿತ್ತುಕೊಂಡದ್ದೆಲ್ಲವೂ ವಶೀಕರಿಸುವವನ ಬಲವನ್ನೇ.

ಇದಕ್ಕೆ ಸರಳವಾದ ಒಂದು ಅಂಕಗಣಿತದ ಕಾರಣವಿದೆ. ನಾಲ್ವರ ವಿರುದ್ಧ ನಾಲ್ವರು ಹೋರಾಡುತ್ತಿರುವಾಗ ಎದುರಾಳಿಗಳಲ್ಲಿ ಒಬ್ಬನನ್ನು ಕೊಂದರೆ ಲೆಕ್ಕ ನಾಲ್ಕಕ್ಕೆ ಮೂರು. ಅವನನ್ನೇ ವಶಪಡಿಸಿಕೊಂಡರೆ ಐದಕ್ಕೆ ಮೂರು. ಅಂದರೆ ಮನಸ್ಸನ್ನು ಗೆಲ್ಲುವುದು ಕೊಲ್ಲುವುದಕ್ಕಿಂತ ಲಾಭದಾಯಕ. ಇದನ್ನು ಅಗ್ಗವಾಗಿ ಕೊಟ್ಟರೆ ಉಳಿದ ಆಯುಧಗಳೆಲ್ಲ ನಿರರ್ಥಕ. ಆದುದರಿಂದಲೇ ಮಹಾರಾಕ್ಷಸರಿಗೆ ದಿನಕ್ಕೆ ಮೂರು ಬಾರಿ ಸೋತ ಎಸೆತವನ್ನು ಗೆಲುವಾಗಿಸಿಕೊಳ್ಳುವ ಹಕ್ಕನ್ನು ಆ ಪುಸ್ತಕ ಕೊಟ್ಟಿದೆ. "ಅದೂ ಬೇಜಾರೇ ತಾತ. ನಾವು ಕಷ್ಟಪಟ್ಟು ಮಂತ್ರ ಹಾಕ್ತೀವಿ, ಡಿ.ಎಂ. ಒಂದು ಗೀಟು ಹಾಕಿ ಇಲ್ಲ ಅಂತಾನೆ" ಎಂದು ಮೊಮ್ಮಗ ದೂರಿದನು. ಕೊಟ್ಟಂತೆ ಮಾಡಿ ಕಿತ್ತುಕೊಂಡರೆ ಯಾರಿಗೆ ತಾನೇ ಬೇಸರವಾಗದು?

ಈಗ ರಾಣಿಯ ಪ್ರೇತದ ಲೆಕ್ಕಕ್ಕೆ ಬರೋಣ. ಪುಸ್ತಕದ ಪ್ರೇತದಿಂದ ತಪ್ಪಿಸಿಕೊಳ್ಳಲು ದಾಳದ ಅಂಕೆ ಮತ್ತು ಪಾತ್ರದ ಸ್ವಂತ ಬಲ ಕೂಡಿ 13 ಆಗಬೇಕು. ನಮ್ಮ ಬಿಲ್ಲುಗಾರ್ತಿಯ ಬಲ 1. ಅಂದರೆ 12 ಅಥವಾ ಮೇಲ್ಪಟ್ಟು ಬೀಳಬೇಕು. ಇಪ್ಪತ್ತರಲ್ಲಿ ಒಂಬತ್ತು ಮುಖಗಳು, ನೂರಕ್ಕೆ 45. ಮೊಮ್ಮಗ 13ನ್ನು 17 ಮಾಡಿದ್ದನು. ಆಗ ಐದೇ ಮುಖಗಳು, ನೂರಕ್ಕೆ 25. ಅಲ್ಲದೆ ಒಂದೇ ಎಸೆತ. ಸೋತರೆ ದೇಹ ಕುಸಿದು ಬೀಳುವವರೆಗೆ ಪ್ರೇತ ಹೊರಡುವುದಿಲ್ಲ. ಈ ಕೊನೆಯ ಅಂಶ ಪುಸ್ತಕದಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಗೋಡೆಯ ಗಡಿಯಾರವನ್ನು ನೋಡಿದಾಗ. ಆಟದಲ್ಲಿ ಎರಡು ಕಾಲಗಳಿವೆ. ಕಥೆಯೊಳಗೆ ಒಂದು ಸುತ್ತು ಎಂದರೆ ಆರು ಸೆಕೆಂಡು. ಮೇಜಿನ ಬಳಿ ನಾಲ್ವರು ಆಟಗಾರರು, ಒಬ್ಬ ಸೂತ್ರಧಾರ, ತಲಾ ನಾಲ್ಕು ನಿಮಿಷವೆಂದರೂ ಅದೇ ಸುತ್ತಿಗೆ ಇಪ್ಪತ್ತು ನಿಮಿಷ. ಕಥೆಯ ಒಂದು ನಿಮಿಷಕ್ಕೆ ಹತ್ತು ಸುತ್ತು, ನಮ್ಮ ಗೋಡೆಯ ಗಡಿಯಾರದಲ್ಲಿ ಮೂರು ಗಂಟೆಗೂ ಮೇಲೆ! ಬಿಲ್ಲುಗಾರ್ತಿಯು ಪ್ರೇತದ ವಶದಲ್ಲಿದ್ದದ್ದು ಅರ್ಧ ನಿಮಿಷದಷ್ಟು. ಹನ್ನೊಂದು ವರ್ಷದ ಹುಡುಗಿ ಕೈಕಟ್ಟಿ ಕುಳಿತದ್ದು ಒಂದೂ ಮುಕ್ಕಾಲು ಗಂಟೆ. ದಂಡ ತೆತ್ತವಳು ಪಾತ್ರವಲ್ಲ, ಹುಡುಗಿ.

ಹಾಗಾಗಿ ನಾನು ಸೂಚಿಸಿದ ಮೊದಲ ತಿದ್ದುಪಡಿ ಹೀಗಿತ್ತು: ಅಂಕೆಯನ್ನು 13ಕ್ಕೆ ಇಳಿಸಬೇಕು, ಪ್ರತಿಯೊಂದು ಸರದಿಯ ಕೊನೆಯಲ್ಲಿಯೂ ಹೊಸದಾಗಿ ದಾಳ ಹಾಕುವ ಅವಕಾಶವಿರಬೇಕು. ಆಗ ಕೈತಪ್ಪುವ ಸರದಿಗಳ ಸರಾಸರಿ 55ನ್ನು 45ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 1.2. ಗಡಿಯಾರದಲ್ಲಿ ಇಪ್ಪತ್ತೈದು ನಿಮಿಷ. ಸಮಸ್ಯೆ ಬಗೆಹರಿಯಿತೆಂದು ಕನ್ನಡಕ ತೆಗೆದಿಟ್ಟೆ.

ಮೊಮ್ಮಗಳು ಕಾಗದವನ್ನು ನೋಡುತ್ತ ಕೇಳಿದಳು: "ಮೂರು ಸಲಾನೂ ಬೀಳದೇ ಹೋದ್ರೆ?"

ಲೆಕ್ಕ ಹಾಕಿದೆ. 0.55ರ ಘನ, 0.166. ಆರರಲ್ಲಿ ಒಬ್ಬರು ಮೂರು ಅಥವಾ ಹೆಚ್ಚು ಸರದಿ ಕಳೆದುಕೊಳ್ಳುತ್ತಾರೆ. ಒಂದು ಗಂಟೆ ಸುಮ್ಮನೆ ಕೂರುತ್ತಾರೆ. ಸರಾಸರಿ ಎಂಬುದು ಲೆಕ್ಕ ಹಾಕಿದವನಿಗೆ ಸಮಾಧಾನ ಕೊಡುತ್ತದೆಯೇ ಹೊರತು ಆ ಆರನೆಯವನಿಗಲ್ಲ. ತರಗತಿಯ ಶೇಕಡಾವಾರು ಫಲಿತಾಂಶವನ್ನು ಹೆಮ್ಮೆಯಿಂದ ಫಲಕದ ಮೇಲೆ ಬರೆಸುತ್ತಿದ್ದ ನನಗೆ ಈ ಮಾತು ಚುಚ್ಚಿತು. ಚುಚ್ಚಲು ಬೇರೊಂದು ಕಾರಣವೂ ಇತ್ತು. ಅದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ.

1989ರಲ್ಲಿ ನಾನೊಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿದ್ದೆ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಪಡೆದ ಹುಡುಗನೊಬ್ಬನಿಗೆ ಚಿತ್ರಕಲೆಯ ಹುಚ್ಚು. ನನ್ನ ಜ್ಯಾಮಿತಿಯ ಪಾಠ ನಡೆಯುವಾಗಲೂ ನೋಟ್‌ಪುಸ್ತಕದ ಅಂಚಿನಲ್ಲಿ ಅಕ್ಷರಗಳನ್ನು ಬಗೆಬಗೆಯಾಗಿ ಬರೆಯುತ್ತಿದ್ದನು. ಚಿತ್ರಕಲಾ ಶಾಲೆಗೆ ಸೇರಬೇಕೆಂದು ಒಮ್ಮೆ ತಲೆ ತಗ್ಗಿಸಿಕೊಂಡೇ ಹೇಳಿದನು. ನಾನು ಅವನ ತಂದೆಯನ್ನು ಕರೆಸಿ, ಪಿ.ಯು.ಸಿ. ವಿಜ್ಞಾನದ ಅರ್ಜಿಯನ್ನು ನನ್ನ ಕೈಯಿಂದಲೇ ತುಂಬಿ, ಅವನಿಂದ ರುಜು ಹಾಕಿಸಿದೆ. ಶುಲ್ಕದ ಸ್ವಲ್ಪ ಭಾಗವನ್ನು ನಾನೇ ಕೊಟ್ಟೆ. ಆಗ ಅದನ್ನು ಉಪಕಾರವೆಂದೇ ಭಾವಿಸಿದ್ದೆ. ಅವನು ಎರಡು ಬಾರಿ ದ್ವಿತೀಯ ಪಿ.ಯು.ಸಿ.ಯಲ್ಲಿ ಅನುತ್ತೀರ್ಣನಾಗಿ ಓದನ್ನು ಬಿಟ್ಟನು.

ಬಹಳ ವರ್ಷಗಳ ಬಳಿಕ ಆ ಊರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದನು. ಬೋರ್ಡ್ ಬರೆಯುವ ಅಂಗಡಿ ಇಟ್ಟಿದ್ದನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು. ಕಾಲಿಗೆ ನಮಸ್ಕರಿಸಿ ಕಾಫಿ ಕುಡಿಸಿದನು. "ನಿನಗೆ ಇಷ್ಟವಿಲ್ಲ ಅಂತ ಅವತ್ತೇ ಯಾಕಪ್ಪ ಹೇಳಲಿಲ್ಲ?" ಎಂದು ಕೇಳಿದೆ. ಅವನು ನಗುತ್ತಲೇ ಹೇಳಿದನು: "ನೀವು ಹೇಳಿದ ಮೇಲೆ ಇಲ್ಲ ಅನ್ನೋಕೆ ಆಗ್ತಿತ್ತಾ ಸಾರ್? ರುಜು ಹಾಕೋವಾಗ ನನ್ನ ಕೈ ನನ್ನದು ಅಂತಲೇ ಅನ್ನಿಸ್ಲಿಲ್ಲ."

ಅವನಿಗೆ ಒಂದು ಎಸೆತವನ್ನೂ ನಾನು ಕೊಟ್ಟಿರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಮೊಮ್ಮಗಳು ಆಡಿದ ಮಾತು ಕಿವಿಗೆ ಬಿದ್ದಾಗ ನನಗೆ ಕೇಳಿಸಿದ್ದು ಅವನ ಧ್ವನಿ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಕ್ಕಳಿಗೆ ಎರಡು ಕಥೆ ಹೇಳಿದೆ. ಪರಕಾಯ ಪ್ರವೇಶದ ನಿಯಮಗಳನ್ನು ಹುಡುಕಲು ನಾವು ಅಮೆರಿಕದವರೆಗೆ ಹೋಗಬೇಕಾಗಿಲ್ಲವಲ್ಲ! ಮೊದಲನೆಯದು ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಐತಿಹ್ಯ. ಅಲ್ಲಿ ಅವರು ಹೊಕ್ಕದ್ದು ಸತ್ತ ದೇಹವನ್ನು. ಯಾರ ಇಚ್ಛೆಯನ್ನೂ ಕಸಿದುಕೊಳ್ಳಲಿಲ್ಲ. ಅವಧಿ ಗೊತ್ತುಪಡಿಸಿಕೊಂಡಿದ್ದರು. ತಮ್ಮ ದೇಹವನ್ನು ಗುಹೆಯಲ್ಲಿ ಶಿಷ್ಯರ ಕಾವಲಿನಲ್ಲಿಟ್ಟಿದ್ದರು, ಅದಕ್ಕೂ ಬೆಂಕಿಯ ಅಪಾಯ ಒದಗಿತು. ಹೊಕ್ಕವನಿಗೂ ಕಳೆದುಕೊಳ್ಳುವುದಿತ್ತು.

ಎರಡನೆಯದು ನಳನ ಕಥೆ. ಕನಕದಾಸರ ನಳಚರಿತ್ರೆಯಿಂದಾಗಿ ಕನ್ನಡಿಗರಿಗೆ ಇದು ಮನೆಯ ಕಥೆಯೇ. ಮೂಲ ಮಹಾಭಾರತದ ವನಪರ್ವದಲ್ಲಿದೆ. ಅಲ್ಲಿ ಕಲಿಪುರುಷನಿಗೂ ಮನಬಂದಂತೆ ನಳನನ್ನು ಹೊಗಲಾಗಲಿಲ್ಲ. ನಳನು ಶುಚಿತ್ವದಲ್ಲಿ ಒಮ್ಮೆ ತಪ್ಪುವವರೆಗೆ, ಹನ್ನೆರಡನೆಯ ವರ್ಷದವರೆಗೆ ಹೊಂಚುಹಾಕಬೇಕಾಯಿತು. ಹೊಕ್ಕ ಮೇಲೂ ನಳ ಸಂಪೂರ್ಣವಾಗಿ ಅಳಿಸಿಹೋಗಲಿಲ್ಲ: ಮಲಗಿದ್ದ ದಮಯಂತಿಯನ್ನು ಬಿಟ್ಟು ಹೋಗುವಾಗ ಹೋಗುತ್ತಾನೆ, ಹಿಂದಿರುಗುತ್ತಾನೆ, ಮತ್ತೆ ಹೋಗುತ್ತಾನೆ. ಕಾರ್ಕೋಟಕನ ವಿಷದಿಂದ ಒಳಗಿದ್ದ ಕಲಿಯೇ ಬೇಯುತ್ತಾನೆ. ಕೊನೆಗೆ ಋತುಪರ್ಣನಿಂದ ದಾಳದ ಮರ್ಮವನ್ನು ನಳ ಕಲಿತ ಗಳಿಗೆಯಲ್ಲಿ ಕಲಿ ಹೊರಬೀಳುತ್ತಾನೆ. ಬಿಡುಗಡೆ ನಳನ ಸ್ವಂತ ವಿದ್ಯೆಯಿಂದಲೇ ಆದದ್ದು. "ಅವನಿಗೂ ಡೈಸ್‌ನಿಂದಲೇ ಸೇವ್ ಆಯ್ತಾ!" ಎಂದು ಎದುರುಮನೆಯ ಕಿರಿಯವನು ಕೂಗಿದನು.

ಮೊಮ್ಮಗನೂ ತನಗೆ ತಿಳಿದದ್ದನ್ನು ಸೇರಿಸಿದನು. ಫೇಟ್ ಎಂಬ ಇನ್ನೊಂದು ಆಟದಲ್ಲಿ ಪಾತ್ರದ ದೌರ್ಬಲ್ಯವನ್ನು ಹಿಡಿದು ಸೂತ್ರಧಾರ ಅದನ್ನು ತೊಂದರೆಗೆ ಸಿಲುಕಿಸಬಯಸಿದರೆ ಒಂದು ಬಿಲ್ಲೆಯನ್ನು ಮುಂದಿಡಬೇಕಂತೆ. ಆಟಗಾರ ಒಪ್ಪಿದರೆ ಬಿಲ್ಲೆ ಅವನಿಗೆ; ಒಲ್ಲೆನೆಂದರೆ ತನ್ನದೊಂದು ಬಿಲ್ಲೆಯನ್ನು ತೆರಬೇಕು. ಇಲ್ಲವೆನ್ನಲು ಬೆಲೆಯುಂಟು, ಆದರೆ ಇಲ್ಲವೆನ್ನಲು ಬರುತ್ತದೆ! ನನಗೆ ಇದು ಬಹಳ ಹಿಡಿಸಿತು.

ಬಿ.ಎಡ್. ಓದುವಾಗ ಪ್ರಶ್ನೆಪತ್ರಿಕೆಯ ನೀಲನಕ್ಷೆ ತಯಾರಿಸುವುದನ್ನು ನಮಗೆ ಕಲಿಸಿದ್ದರು. ಅತ್ಯಂತ ಹಿಂದುಳಿದ ವಿದ್ಯಾರ್ಥಿಗೂ ಮೂರು ಗಂಟೆಯ ಕಾಲ ಪೆನ್ನು ಹಿಡಿದು ಮಾಡಲು ಏನಾದರೂ ಇರಬೇಕೆಂಬುದು ಅದರ ಒಂದು ತತ್ತ್ವ. ಅದೇ ಕ್ರಮದಲ್ಲಿ ನಾವೈವರೂ ನಾನೂ ಕುಳಿತು ರಾಣಿಯ ಪ್ರೇತಕ್ಕೆ ಹೊಸ ನಿಯಮಗಳನ್ನು ಬರೆದೆವು. ಈ ಆಟವಾಡುವ ಮಕ್ಕಳು ಓದುಗರ ಮನೆಗಳಲ್ಲಿಯೂ ಇರಬಹುದೆಂದು ಇಲ್ಲಿ ಕೊಡುತ್ತಿದ್ದೇನೆ.

ಒಂದು, ಪ್ರೇತ ಹೊಗುವ ಮುನ್ನ ಸೂಚನೆ ಇರಬೇಕು: ತಣ್ಣನೆಯ ಗಾಳಿ, ಕನ್ನಡಿಯಲ್ಲಿ ಬೇರೆ ಮುಖ. ಎಚ್ಚರಗೊಂಡವರು ತಪ್ಪಿಸಿಕೊಳ್ಳಲು ಏನಾದರೂ ಮಾಡಬಹುದು.

ಎರಡು, ಹೊಕ್ಕ ಮೇಲೂ ಪಾತ್ರವನ್ನು ಆಡಿಸುವವರು ಅದರ ಒಡೆಯರೇ. ಪ್ರೇತವು ಒಂದು ಸರದಿಗೆ ಒಂದೇ ವಾಕ್ಯದ ಆಜ್ಞೆ ಕೊಡಬಹುದು. ಅದನ್ನು ಹೇಗೆ ನೆರವೇರಿಸಬೇಕೆಂಬುದು ಆಟಗಾರರಿಗೆ ಬಿಟ್ಟದ್ದು.

ಮೂರು, ಆಜ್ಞೆಯನ್ನು ಧಿಕ್ಕರಿಸಬಹುದು. ಅದಕ್ಕೆ ತನ್ನ ಜೀವಾಂಕಗಳಲ್ಲಿ ಒಂದು ಪಾಲನ್ನು ತೆರಬೇಕು. ಆ ಪೆಟ್ಟಿನಲ್ಲಿ ಪ್ರೇತಕ್ಕೂ ಅರ್ಧ ತಗುಲುತ್ತದೆ. (ಇದು ಕಾರ್ಕೋಟಕನ ನಿಯಮ.)

ನಾಲ್ಕು, ಸರದಿಯ ಕೊನೆಗೊಮ್ಮೆ ಪಾರಾಗುವ ಎಸೆತ. ಜೊತೆಗಾರನೊಬ್ಬ ತನ್ನ ಸರದಿಯನ್ನು ಬಿಟ್ಟುಕೊಟ್ಟು, ಹೆಸರು ಹಿಡಿದು ಕರೆದು, ಇಬ್ಬರಿಗೂ ನೆನಪಿರುವ ಒಂದು ಘಟನೆಯನ್ನು ಹೇಳಿದರೆ ಎರಡು ದಾಳ ಹಾಕಿ ಹೆಚ್ಚಿನದನ್ನು ಹಿಡಿಯಬಹುದು. ಆಗ ಗೆಲುವು ನೂರಕ್ಕೆ 45ರಿಂದ ಸುಮಾರು 70ಕ್ಕೆ ಏರುತ್ತದೆ. ಒಮ್ಮೆ ಪಾರಾದವರನ್ನು ಅದೇ ಪ್ರೇತ ಇಪ್ಪತ್ನಾಲ್ಕು ಗಂಟೆ ಮುಟ್ಟುವಂತಿಲ್ಲ. ಇದು ಪುಸ್ತಕದಲ್ಲಿಯೇ ಇರುವ ನಿಯಮ.

ಐದು, ಆಟಕ್ಕೆ ಮುಂಚೆಯೇ ಎಲ್ಲರನ್ನೂ ಕೇಳಿಕೊಳ್ಳಬೇಕು: ಈ ಮೇಜಿನ ಮೇಲೆ ಯಾವುದು ಆಗಕೂಡದು? ನಡುವೆ ಯಾರಿಗಾದರೂ ಸಹಿಸಲಾಗದಿದ್ದರೆ ಗುಣಾಕಾರದ ಗುರುತಿನ ಚೀಟಿಯನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಭಾಗವನ್ನು ಕೈಬಿಡಬೇಕು. ಆಟಗಾರರ ವಲಯದಲ್ಲಿ ಇದು ಎಕ್ಸ್ ಕಾರ್ಡ್ ಎಂದು ಬಳಕೆಯಲ್ಲಿದೆ. ಮೊಮ್ಮಗಳು ಮೊದಲು ಬರೆಸಿದ್ದು: "ನಾಯಿಗೆ ಏನೂ ಮಾಡಬಾರದು."

ಇದೇ ನಿಯಮಗಳು ಆಟಗಾರರು ಪರರನ್ನು ವಶಪಡಿಸಿಕೊಳ್ಳುವಾಗಲೂ ಅನ್ವಯಿಸುತ್ತವೆಯೇ ಎಂಬ ಚರ್ಚೆ ಬಂತು. ಸೂತ್ರಧಾರನಿಗೆ ಇಡೀ ಲೋಕವೇ ಇರುವುದರಿಂದ ಒಬ್ಬ ಕಾವಲುಗಾರ ಕೈತಪ್ಪಿದರೆ ಅವನೇನೂ ಸುಮ್ಮನೆ ಕೂರಬೇಕಾಗಿಲ್ಲ. ಆದ್ದರಿಂದ ಅಲ್ಲಿ ಎರಡನೆಯ ಮತ್ತು ಮೂರನೆಯ ನಿಯಮ ಬೇಡವೆಂದು ತೀರ್ಮಾನವಾಯಿತು. ಆದರೆ ವಶವಾದವನಿಗೆ ಆಮೇಲೆ ಎಲ್ಲವೂ ನೆನಪಿರಬೇಕು ಎಂದು ಮೊಮ್ಮಗಳು ಪಟ್ಟುಹಿಡಿದಳು. ಅದನ್ನೂ ಬರೆದುಕೊಂಡೆವು.

ಮುಂದಿನ ಭಾನುವಾರ ಮತ್ತೆ ಆಟ. ರಾಣಿಯ ಪ್ರೇತ ಪುನಃ ಬಂತು. ಈ ಬಾರಿಯೂ ದಾಳ ಬಿದ್ದದ್ದು 7, ಬಿಲ್ಲುಗಾರ್ತಿಯೇ ಸಿಕ್ಕಿಬಿದ್ದಳು. ಮೇಜಿನ ಸುತ್ತ ಎಲ್ಲರೂ ಸ್ತಬ್ಧರಾದರು. ಮೊಮ್ಮಗ ರಾಣಿಯ ಧ್ವನಿಯಲ್ಲಿ ಆಜ್ಞೆ ಕೊಟ್ಟನು: "ನೆಲಮಾಳಿಗೆಯ ಬಾಗಿಲನ್ನು ಮುಚ್ಚು." ಗೆಳೆಯರೆಲ್ಲ ಒಳಗೇ ಸಿಕ್ಕಿಕೊಳ್ಳಲಿ ಎಂಬುದು ಅವನ ಉದ್ದೇಶ. ಮೊಮ್ಮಗಳು ಚೌಕುಳಿ ಕಾಗದವನ್ನು ದಿಟ್ಟಿಸಿ ನೋಡಿದಳು. "ಮುಚ್ತೀನಿ. ಆದ್ರೆ ನಾನು ಒಳಗೆ ನಿಂತು, ಅವರನ್ನೆಲ್ಲ ಆಚೆಗೆ ತಳ್ಳಿ ಮುಚ್ತೀನಿ" ಎಂದಳು. ರಾಣಿ ಅವಳೊಂದಿಗೆ ನೆಲಮಾಳಿಗೆಯಲ್ಲಿ ಬಂದಿಯಾದಳು. ಎದುರುಮನೆಯ ಹಿರಿಯ ಹುಡುಗ ಬಾಗಿಲಿನಾಚೆಯಿಂದ ಅವಳ ಹೆಸರು ಕೂಗಿ, ಮೊದಲ ದಿನ ನಾಯಿಮರಿಯನ್ನು ಹಳ್ಳದಿಂದ ಎತ್ತಿದ್ದನ್ನು ನೆನಪಿಸಿದನು. ಎರಡು ದಾಳಗಳಲ್ಲಿ ಒಂದು 4, ಇನ್ನೊಂದು 16. ಮನೆಯಲ್ಲಿ ಎದ್ದ ಗದ್ದಲಕ್ಕೆ ನನ್ನ ಪತ್ನಿ ಅಡುಗೆಮನೆಯಿಂದ ಓಡಿಬಂದಳು.

"ಅಜ್ಜಿ, ಬಾಗಿಲು ಮುಚ್ಚಿದ್ದು ನಾನು" ಎಂದು ಮೊಮ್ಮಗಳು ಅವಳಿಗೆ ವಿವರಿಸತೊಡಗಿದಳು.

ಅಧಿಕಾರ ಇರುವವನು ಎಷ್ಟು ಬಲಶಾಲಿ ಎಂಬುದನ್ನಷ್ಟೇ ಅಳೆದು ಸಮತೋಲ ತರಲು ನಾನು ಮೊದಲು ಯತ್ನಿಸಿದೆ. 17ರ ಬದಲು 13, ಒಂದರ ಬದಲು ಮೂರು ಎಸೆತ. ಅದೂ ಬೇಕು. ಆದರೆ ನಿಜವಾಗಿ ನೋಡಬೇಕಾದದ್ದು, ವಶಕ್ಕೆ ಸಿಕ್ಕವರ ಕೈಯಲ್ಲಿ ತೀರ್ಮಾನಿಸಲು ಇನ್ನೂ ಏನು ಉಳಿದಿದೆ ಎಂಬುದನ್ನು. ಅದು ಉಳಿದಿದ್ದರೆ ಪ್ರೇತ ಎಷ್ಟೇ ಭಯಂಕರವಾಗಿದ್ದರೂ ಆಟ ಆಟವಾಗಿರುತ್ತದೆ. ಮಕ್ಕಳು ನಾಳೆಯೂ ಮೇಜಿಗೆ ಬರುತ್ತಾರೆ.

ರಜೆ ಮುಗಿದು ಮಕ್ಕಳು ಹೋದರು. ನಿಯಮಗಳ ಕಾಗದ ನನ್ನ ಬಳಿಯೇ ಉಳಿದಿದೆ. ನಮ್ಮ ಗೇಟಿನ ಮೇಲಿನ ಹೆಸರಿನ ಫಲಕ ಮಾಸಿ ಬಹಳ ದಿನವಾಗಿತ್ತು; ಹೊಸದಾಗಿ ಬರೆಸಲು ಆ ಊರಿಗೇ ಹೋಗಬೇಕೆಂದಿದ್ದೇನೆ. ಅಕ್ಷರ ಹೇಗಿರಬೇಕು, ಬಣ್ಣ ಯಾವುದು ಎಂದು ಅವನು ಕೇಳಿಯೇ ಕೇಳುತ್ತಾನೆ. ನಿನ್ನ ಇಷ್ಟದಂತೆ ಬರೆ ಎನ್ನಬೇಕು. ಅರ್ಜಿಯ ವಿಷಯವಾಗಿ, ತಡವಾದರೂ, ತಪ್ಪು ನನ್ನದೆಂದು ಹೇಳಬೇಕು. ಅದಕ್ಕೆ ಅವನು ಏನೆನ್ನುತ್ತಾನೋ, ಅದು ಅವನಿಗೆ ಬಿಟ್ಟದ್ದು.